ದಡಿಯಿಂದ ಕಿತ್ತ ಎಳಿ

ಅಕ್ಕ ಸತ್ತ ದಿನ, ಸೇಡಂ ಮನಿ ಪಡಸಾಲ್ಯಾಗ ಅಕಿ ಮ್ಯಾಲ ಹೊಚ್ಚಿದ್ದ ಬಿಳಿ ಬಟ್ಟಿ ಸರಿ ಮಾಡಾಕಂತ ಬಾಗಿದ್ದೆ. ಬಾಗಿದಾಕಿ ಅದರ ಅಂಚು ಎರಡು ಬೆರಳಿನ ನಡುವ ಹಿಡಿದು ತಿಕ್ಕಿ ನೋಡಿದೆ. ಹತ್ತಿ ಆದ್ರ ಬೆರಳಿಗಿ ಜರಾ ತಡೀತದ; ಇದು ಜಾರತಿತ್ತು. ಕಿಟಕಿ ಬೆಳಕು ಬಿದ್ದಲ್ಲಿ ಚಮಕ್ ಅಂತಿತ್ತು. ಅರ್ಧಕ್ಕರ್ಧ ಪಾಲಿಸ್ಟರ್. ಹತ್ತೀದು ಅಂತ ಹೇಳಿ ಮಿಕ್ಸ್ ಕೊಟ್ಟು ಕಳಿಸ್ಯಾನ ಹಲ್ಕಟ್, ಅಂತ ಮನಸ್ಸಿನಾಗ ಅಂಗಡಿಯವನಿಗಿ ಬೈದೆ. ಬೈದ ಮ್ಯಾಲ ಖಬರ್ ಬಂತು, ನಾ ಏನು ಮಾಡಾಕತ್ತೀನಿ ಅಂತ. ಒಡಹುಟ್ಟಿದಾಕಿ ಹೆಣದ ಮುಂದ ನಿಂತು ಬಟ್ಟಿ ಪರೀಕ್ಷಾ ಮಾಡೋ ಹೆಣ್ಣ ಎಂಥಾಕಿ ಇರಬೇಕು? ಥೂ, ನನ್ನ ಜನ್ಮಕ್ಕಿಷ್ಟು! ಸುತ್ತ ಕುಂತ ಹೆಣ್ಣಮಕ್ಕಳು ನಾ ಅಳಾಕ ಬಾಗೀನಿ ಅಂತ ತಿಳಕೊಂಡು ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು. ನನಗ ಅಳು ಬರಲಿಲ್ಲ. ಅಳು ಬರೋ ಜಾಗಾದಾಗ ನಮ್ಮ ಮನ್ಯಾಗ ಬ್ಯಾರೆ ಏನೋ ತುಂಬಿಟ್ಟಾರ. ಅದನ್ನ ತುಂಬಿದ್ದು ಯಾವಾಗ, ಹ್ಯಾಂಗ, ಅಷ್ಟು ಹೇಳಿ ಮುಗಸ್ತೀನಿ.

ನಮ್ಮ ಮನಿ ಸೇಡಂ ಬಜಾರದಾಗಿತ್ತು. ಮುಂದಿನ ಖೋಲಿ ಅಪ್ಪನ ಬಟ್ಟಿ ಅಂಗಡಿ, ಅದರ ಹಿಂದ ಪಡಸಾಲಿ, ಪಡಸಾಲಿ ಬಾಜೂಕ ಅಡಗಿ ಮನಿ, ಕಡೀಕ ಹಿತ್ತಲ. ಅಂಗಡಿಗೂ ಪಡಸಾಲಿಗೂ ನಡುವ ಕದ ಇರಲಿಲ್ಲ, ಒಂದು ಪರದೆ ಅಷ್ಟ. ಹಂಗಾಗಿ ಗಿರಾಕಿ ತಕರಾರು ಒಲಿ ತನಕ ಬರ್ತಿತ್ತು, ಒಗ್ಗರಣಿ ಘಾಟು ಗಿರಾಕಿ ಮೂಗಿನ ತನಕ ಹೋಗ್ತಿತ್ತು. ಎಷ್ಟೋ ಮಂದಿ ಸೀರಿ ನೋಡ್ತಾ ನೋಡ್ತಾ ಸೀನ್ತಿದ್ರು. ನೆಲಕ್ಕ ಶಹಾಬಾದ ಫರಸಿ, ಬಟ್ಟಿ ತಾನು ಜೋಡಿಸೋ ಕಪಾಟಿಗೂ ಗ್ವಾಡ್ಯಾಗ ಕೂಡಿಸಿದ ಫರಸೀನೇ. ಬ್ಯಾಸಗ್ಯಾಗ ನಮ್ಮ ಕಡಿ ಬಿಸಲು ಹ್ಯಾಂಗಿರ್ತದ ನಿಮಗ ಗೊತ್ತದ. ಮಧ್ಯಾಹ್ನ ಉಂಡು ನಾನೂ ಅಕ್ಕನೂ ಅಂಗಡಿ ಫರಸಿ ಮ್ಯಾಲ ಸೆರಗು ಹಾಸದ ಹಂಗೇ ಮಲಗ್ತಿದ್ವಿ. ಮ್ಯಾಲ ನೋಡಿದ್ರ ಸಾಲಿಗಿ ಸಾಲು ಬಟ್ಟಿ. ಕೆಳಗಿನ ಸಾಲಿನ್ಯಾಗ ಧೋತ್ರ, ಪಟಕಾ, ಹೊಲಕ್ಕ ಹೋಗವರು ಉಡೋ ದಪ್ಪ ಹತ್ತಿ ಸೀರಿ. ನಡುವಿನ ಸಾಲಿನ್ಯಾಗ ಆಗಷ್ಟ ಬಂದಿದ್ದ ಟೆರಿಕಾಟ್, ನೈಲಾನ್. ಮ್ಯಾಲಿನ ಸಾಲಿನ್ಯಾಗ ಹಳೇ ಧೋತ್ರದಾಗ ಸುತ್ತಿಟ್ಟ ರೇಶ್ಮಿ. ಅದನ್ನ ಅಪ್ಪ ಬಿಟ್ರ ಯಾರೂ ಇಳಸಂಗಿರಲಿಲ್ಲ.

ಅಂಗಡಿ ಹಾಕೋಕಿಂತ ಮೊದಲ ಅಪ್ಪ ಗಂಟು ಕಟ್ಟಿಕೊಂಡು ಸುಲೇಪೇಟ, ಚಿಂಚೋಳಿ ಅಂತ ಸಂತಿ ತಿರಗಿದವ. ಒಂದು ಸಲ ಯಾವನೋ ವ್ಯಾಪಾರಿ ಅವಗ ರೇಶ್ಮಿ ಅಂತ ಹೇಳಿ ಆರ್ಟ್ ಸಿಲ್ಕ್, ಅಂದ್ರ ನಕಲಿ ರೇಶ್ಮಿ, ಹಚ್ಚಿದ್ನಂತ. ಅದನ್ನ ಅಪ್ಪ ಖರೇ ಅಂತ ತಿಳಕೊಂಡು ಮಾರಿ, ಸುಲೇಪೇಟ ಸಂತ್ಯಾಗ ಒಬ್ಬ ಹೆಣ್ಣಮಗಳ ಕೈಲಿಂದ ನಾಕ ಮಂದ್ಯಾಗ ಬೈಸಿಕೊಂಡು ಬಂದಿದ್ದ. ಅವತ್ತಿಂದ ಅವನ ಕೈಗಿ ಒಂದು ಚಟ ಹತ್ತಿತು. ಯಾವ ಬಟ್ಟಿ ಕಂಡ್ರೂ ಅಂಚಿನಿಂದ ಒಂದು ಎಳಿ ಕಿತ್ತು, ಕಡ್ಡಿ ಗೀರಿ, ಸುಟ್ಟು, ಮೂಸಿ ನೋಡೋದು. ಹತ್ತಿ ಸುಟ್ರ ಕಾಗದ ಸುಟ್ಟ ವಾಸನಿ, ಬೂದಿ ಹಿಟ್ಟಿನಷ್ಟು ಮೆತ್ತಗ. ರೇಶ್ಮಿ ಸುಟ್ರ ಕೂದಲಾ ಸುಟ್ಟ ವಾಸನಿ, ಕರೀ ಗುಳಿಗಿ ಆಗಿ ಬೆರಳಾಗ ಪುಡಿ ಆಗ್ತದ. ಪಾಲಿಸ್ಟರ್ ಸುಡಂಗಿಲ್ಲ, ಕರಗ್ತದ. ಆರಿದ ಮ್ಯಾಲ ಕಲ್ಲಿನಂಥಾ ಮಣಿ. ಆರ್ಟ್ ಸಿಲ್ಕ್ ಅಂಬೋದು ಹೊರಗ ರೇಶ್ಮಿಗಿಂತ ಹೆಚ್ಚು ಮಿಂಚ್ತದ, ಬೆಂಕಿ ತೋರಸಿದ್ರ ಕಾಗದದ ವಾಸನಿ ಬಿಡ್ತದ. ನಾನು ಸಾಲಿಗಿ ಹೋಗಿ ಅ ಆ ಕಲಿಯೋಕಿಂತ ಮೊದಲ ಇದನ್ನ ಕಲ್ತೆ. ಅಪ್ಪ ನನ್ನನ್ನ ತನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು, ಕಣ್ಣು ಮುಚ್ಚಿಸಿ, ಮೂಗಿನ ಮುಂದ ಸುಟ್ಟ ಎಳಿ ಹಿಡೀತಿದ್ದ.

"ಹೇಳ ಮಗಳ, ಯಾವುದು?"

"ರೇಶ್ಮಿ, ಅಪ್ಪಾ."

"ಶಾಬಾಶ್! ಕಣ್ಣು ಮೋಸ ಹೋಗ್ತದವ್ವ, ಬೆಂಕಿ ಹೋಗಂಗಿಲ್ಲ. ನೆಪ್ಪಿಟ್ಟಕೋ."

ನೆಪ್ಪಿಟ್ಟುಕೊಂಡೆ. ಮುಂದ ಕಲಬುರಗ್ಯಾಗ ಹೊಲಿಗಿ ಕಲಿಸೋ ನೌಕರಿ ಸಿಕ್ಕಾಗ, ಅಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಅದರಾಗ ಮೊದಲನೇ ಸಲ ಎಳಿ ಇಟ್ಟು ನೋಡಿದಾಗ ನನಗ ಅಪ್ಪ ಹೇಳದೇ ಬಿಟ್ಟದ್ದು ಕಂಡಿತು. ಹತ್ತಿ ಎಳಿ ಅಂದ್ರ ಚಪ್ಪಟಿ ರಿಬ್ಬನ್, ತನ್ನ ಸುತ್ತ ತಾನ ತಿರುವಿಕೊಂಡದ್ದು. ಬಿದ್ದ ಬೆಳಕು ನಾಕ ದಿಕ್ಕಿಗಿ ಚದುರಿ ಹೋಗ್ತದ, ಅದಕ್ಕ ಹತ್ತಿ ಮಂಕ ಕಾಣ್ತದ. ರೇಶ್ಮಿ ಎಳಿಗಿ ಮೂರು ಮೂಲಿ. ನೀವು ತಿರುಗಿಸಿದಂಗ ಅದು ಬ್ಯಾರೆ ಬ್ಯಾರೆ ಕಡಿಯಿಂದ ಬೆಳಕು ಕೊಡ್ತದ. ಪಾಲಿಸ್ಟರ್ ಗಾಜಿನ ಸಳಿ ಇದ್ದಂಗ, ಎತ್ತ ತಿರುವಿದ್ರೂ ಒಂದ ಮಿಂಚು. ಇಷ್ಟು ನೋಡಾಕ ಏನೂ ಸುಡಬೇಕಾಗಿರಲಿಲ್ಲ. ಆ ಮಾತು ಅಪ್ಪಗ ಹೇಳೋಣಂದ್ರ ಅವಾಗ ಅಪ್ಪ ಇರಲಿಲ್ಲ. ಇದ್ರೂ ನಾ ಹೇಳ್ತಿರಲಿಲ್ಲ ಅಂತ ಕಾಣ್ತದ.

ಅಪ್ಪನ ಪರೀಕ್ಷಾ ಬಟ್ಟಿಗಷ್ಟ ನಿಲ್ಲಲಿಲ್ಲ. ಮನಿಗಿ ತಂದ ಮಜ್ಜಿಗಿ ಬೆರಳ ಮ್ಯಾಲ ಬಿಟ್ಟು ನೀರು ಎಷ್ಟದ ನೋಡ್ತಿದ್ದ. ತೊಗರಿ ಬ್ಯಾಳಿ ಹಲ್ಲಾಗ ಕಡದು ಎಣ್ಣಿ ಹಚ್ಯಾರೇನು ನೋಡ್ತಿದ್ದ. ಮನಿಗಿ ಬಂದವರು ಹೋದ ಮ್ಯಾಲ, ಅವರ ಅಂಗಿ ನೋಡಿ ಅವರ ಗುಣ ಹೇಳ್ತಿದ್ದ: "ಮ್ಯಾಲ ಮಿಂಚು, ಒಳಗ ಏನೂ ಇಲ್ಲ." ಅವ್ವ ಬಾಯಾಗ ಖಾರ ಇಟಗೊಂಡು ಮಾತಾಡೋ ಹೆಣ್ಣಮಗಳು. ರೊಟ್ಟಿ ಬಡಿಯೋದು ನಿಲ್ಲಸದ ಅಂತಿದ್ಲು:

"ಈ ಮನ್ಯಾಗ ಸುಟ್ಟು ನೋಡದು ಉಳದದ್ದು ನಾನೊಬ್ಬಾಕಿ ನೋಡ್ರಿ. ಅದನ್ನೂ ಒಂದಿನ ಮುಗಸಿಬಿಡ್ರಿ."

ಎಲ್ಲಾರೂ ನಗ್ತಿದ್ವಿ. ಅಪ್ಪನೂ ನಗ್ತಿದ್ದ. ಆ ನಗೀನೇ ನಮ್ಮನ್ನ ಹಾಳು ಮಾಡಿತು. ಬೈದಿದ್ರ, ಜಗಳಾಡಿದ್ರ, ಅವನ ಚಟ ಬಿಡತಿತ್ತೋ ಏನೋ. ನಕ್ಕು ನಕ್ಕು ಅದನ್ನ ಮನಿತನದ ಗುಣ ಮಾಡಿಬಿಟ್ವಿ.

ಅಕ್ಕನ ಹೆಸರು ಶಾಂತಾ. ನನಗಿಂತ ಭಾಳ ದೊಡ್ಡಾಕಿ, ಅರ್ಧಾ ತಾಯಿ ಆಗಿ ಬೆಳಸಿದಾಕಿ. ಮೈ ಬಣ್ಣ ಎಣ್ಣಿಗಪ್ಪು, ಹೆಗಲು ಅಗಲ, ಉದ್ದಕ ನಿಂತ್ರ ಬಾಗಲ ತುಂಬ್ತಿದ್ಲು. ಹೆಣ್ಣಮಕ್ಕಳು ಸೀರಿ ತಗೋಳಾಕ ಬಂದ್ರ ಅಪ್ಪ ಪರದೆ ಕಡಿ ಮುಖ ಮಾಡಿ "ಶಾಂತಾ" ಅಂತ ಕೂಗ್ತಿದ್ದ. ಅಕಿ ಬಂದು ಸೀರಿ ಸೆರಗು ತನ್ನ ಹೆಗಲ ಮ್ಯಾಲ ಇಳಿಬಿಟ್ಟು ತೋರಸ್ತಿದ್ಲು. ಕಪಾಟಿನ್ಯಾಗಿನ ಬಟ್ಟಿ ಬ್ಯಾರೆ, ಮೈಮ್ಯಾಲಿನ ಬಟ್ಟಿ ಬ್ಯಾರೆ. ಹತ್ತಿ ಸೆರಗು ನೆಟ್ಟಗ ನಿಂದ್ರತದ. ನೈಲಾನ್ ಮೈಗಿ ಅಂಟಿಕೊಂಡು ಇದ್ದಬಿದ್ದ ಎಲುಬು ತೋರಸ್ತದ. ರೇಶ್ಮಿ ಭಾರ ಇರ್ತದ, ನಿಧಾನ ಇಳೀತದ, ಇಳದಲ್ಲಿ ಸುಮ್ಮನ ಕುಂದ್ರತದ. ಅಕ್ಕ ಹೆಗಲ ಮ್ಯಾಲ ಹಾಕಿಕೊಂಡು ಬೆಳಕಿಗಿ ಜರಾ ತಿರುಗಿದ್ಲಂದ್ರ, ಬ್ಯಾಡ ಅನ್ನೋ ಗಿರಾಕೀನೂ ಕಟ್ರಿ ಅಂತಿದ್ರು. ಊರಾಗ ಎಷ್ಟು ಮಂದಿ ಲಗ್ನದ ಸೀರಿ ಮೊದಲ ಅಕ್ಕನ ಹೆಗಲ ಮ್ಯಾಲ ಬಿದ್ದು ಆಮ್ಯಾಲ ಮದುವಣಗಿತ್ತಿ ಮೈಮ್ಯಾಲ ಹೋದವೋ ಶಿವನಿಗೇ ಗೊತ್ತು. ಅವ್ವಗ ಅದು ಸೇರ್ತಿರಲಿಲ್ಲ. "ಮಂದಿ ಸೀರಿ ಹೊತಗೊಂಡು ಹೊತಗೊಂಡು ತನ್ನ ಸೀರಿ ಎಂದು ಉಡ್ತಾಳೋ" ಅಂತಿದ್ಲು.

ಆ ಮಾತಿಗಿ ಒಂದು ಹಾದಿ ಸಿಕ್ಕಿತು. ದಂಡೋತಿಯಿಂದ ಒಂದು ಸಂಬಂಧ ಬಂತು. ಕಾಗಿಣಾ ದಂಡಿ ಊರು, ಬೇಸಾಯದ ಮನಿತನ, ನಮ್ಮಂಗ ಲಿಂಗವಂತರೇ. ಹುಡುಗ ಮಲ್ಲಿನಾಥ ವಾಡಿ ರೈಲ್ವೆದಾಗ ನೌಕರಿಗಿದ್ದ. ಹೆಣ್ಣು ನೋಡಾಕ ಬಂದಾಗ ಹಿರೇರು ಸುಸಲಾ ತಿನಕೋತ ಕುಂತಿದ್ರು; ಇಬ್ಬರನ್ನ ಹಿತ್ತಲದ ಬಾಗಲ ತನಕ ಮಾತಾಡಾಕ ಬಿಟ್ರು. ಅವ ಏನಂದ ಅಂಬೋದು ಅಕ್ಕ ನನಗ ಅವತ್ತಿಂದ ಎಷ್ಟು ಸಲ ಹೇಳಿದ್ಲಂದ್ರ, ನನಗೇ ಅಂದಂಗ ಬಾಯಿಪಾಠ ಆಗ್ಯಾದ.

"ವಾಡ್ಯಾಗ ಸಿಮೆಂಟಿನ ಧೂಳ ಭಾಳ ಅದರಿ. ಒಣ ಹಾಕಿದ ಬಟ್ಟಿ ಸಂಜೀಗಿ ಬೂದಿ ಬಣ್ಣ ಆಗಿರ್ತಾವ. ನಿಮಗ ನಡೀತದೇನ್ರಿ?"

"ಒಗದ್ರ ಹೋಗೋ ಧೂಳಿಗಿ ಏನು ಅಂಜೋದ್ರಿ" ಅಂದಿದ್ಲಂತ ಅಕ್ಕ.

ಅಷ್ಟ. ಅದಕ್ಕ ಅಕ್ಕ ಹೂವಾಗಿಬಿಟ್ಲು. ಅವತ್ತಿಂದ ತನ್ನ ಟ್ರಂಕಿನಾಗ ಬಟ್ಟಿ ಆರಿಸಿ ಇಡಾಕ ಶುರು ಮಾಡಿದ್ಲು. ನೈಲಾನ್ ಎಲ್ಲಾ ನನಗ ಕೊಟ್ಲು. "ಇದಕ್ಕ ಧೂಳ ತಾನಾಗಿ ಬಂದು ಅಂಟ್ತದ, ಜಪ್ಪಯ್ಯ ಅಂದ್ರೂ ಬಿಡಂಗಿಲ್ಲ. ಹತ್ತಿ ಆದ್ರ ಕಲ್ಲಿಗಿ ನಾಕ ಏಟು ಹಾಕಿದ್ರ ಬೆಳ್ಳಗ" ಅಂತ ನನಗ ಪಾಠ ಹೇಳ್ತಾ, ದಪ್ಪ ಹತ್ತಿ ಸೀರಿಗಳನ್ನ ಮಡಚಿ ಮಡಚಿ ಒಳಗ ಇಡ್ತಿದ್ಲು. ಅಪ್ಪನ ವಿದ್ಯಾ ಅಕಿ ಕೈಯಾಗ ಸಂಸಾರದ ವಿದ್ಯಾ ಆಗಿತ್ತು. ವಾಡಿ ಅಂದ್ರ ಏನು ಊರು? ಮೂರು ಕಡಿ ರೈಲು, ನಾಕ ಕಡಿ ಧೂಳ. ಅಕ್ಕ ಅದನ್ನ ಸ್ವರ್ಗ ಅಂತ ಕನಸು ಕಾಣಾಕತ್ತಿದ್ಲು.

ಸೀರಿ ಉಡಸೋ ಕಾರ್ಯ ನಮ್ಮ ಮನ್ಯಾಗ ಇಟ್ರು. ನಮ್ಮ ಕಡಿ ಗಂಡಿನವರು ಸೀರಿ, ಖಣ, ಕೊಬ್ಬರಿ, ಸಕ್ರಿ ತಂದು, ಹುಡುಗಿಗಿ ಆ ಸೀರಿ ಉಡಿಸಿ, ಸಕ್ರಿ ಬಾಯಿಗಿ ಹಾಕಿದ್ರ ಮಾತು ಪಕ್ಕಾ ಆದಂಗ. ಪಡಸಾಲ್ಯಾಗ ಜಮಖಾನ ಹಾಸಿ, ದೇವರ ಜಗಲಿ ಮ್ಯಾಲ ದೀಪ ಹಚ್ಚಿದ್ರು. ಅಡಗಿ ಮನ್ಯಾಗ ಹೋಳಿಗಿ ಬೇಯಾಕತ್ತಿದ್ವು. ಹುಡುಗನ ತಾಯಿ ಗೌರವ್ವ ಪರಾತದಾಗ ಸೀರಿ ಇಟ್ಟು ಅಕ್ಕನ ಕೈಯಾಗ ಕೊಟ್ಲು. ಕೆಂಪು ಇಳಕಲ್ ಸೀರಿ. ಮಡಚಿದ ಕಡಿ ಬಣ್ಣ ಜರಾ ಮಾಸಿತ್ತು, ಮಿಂಚು ಸತ್ತಂಗಾಗಿತ್ತು. ಅವ್ವನ ತಮ್ಮ, ಶಹಾಬಾದ ಮಾವ, ಎಂಥಾ ಕಾರ್ಯ ಇದ್ರೂ ಚ್ಯಾಷ್ಟಿ ಮಾಡದ ಕುಂದ್ರವ ಅಲ್ಲ. ಅವನೇ ಬಾಯಿ ತಗದ.

"ಏನ್ರಿ ಸಾವ್ಕಾರ್ರ, ಊರ ಮಂದಿ ಬಟ್ಟಿ ಎಲ್ಲಾ ನೋಡ್ತೀರಿ. ಬೀಗರ ಮಾಲ ಹ್ಯಾಂಗದ, ಅದನ್ನಷ್ಟು ನೋಡಿ ಹೇಳ್ರಿ!"

ಎಲ್ಲಾರೂ ನಕ್ರು. ಬೀಗರ ಕಡಿ ಮುದುಕರು "ನೋಡ್ರಿ ನೋಡ್ರಿ, ನಮಗೇನು ಅಂಜಿಕಿ ಇಲ್ಲ" ಅಂದ್ರು. ಬೀಗರು ಬೀಗರು ಹಿಂಗ ಒಬ್ಬರ ಕಾಲು ಒಬ್ಬರು ಎಳಿಯೋದು ರೂಢೀನೇ ಅದ. ಅಪ್ಪ ನಗನಗತಾ ಎದ್ದು ಬಂದ. ನಗನಗತಾನೇ ಅವನ ಬೆರಳು ಸೀರಿ ಅಂಚಿಗಿ ಹೋದ್ವು. ಸೀರಿ ನಡುವಿನ ಒಡಲಿಗಿ ಕೈ ಹಾಕಿದ್ರ ಕೆಡ್ತದ, ಮದುವಣಗಿತ್ತಿ ಸೀರಿ ಅದು, ಅಂತ ಮರ್ಯಾದಿ ಮಾಡಿ, ಅಂಚಿನ ದಡಿಯಿಂದ ಒಂದು ಎಳಿ ಕಿತ್ತ. ಕಡ್ಡಿಪೆಟಗಿ ಅಂಗಡ್ಯಾಗಿತ್ತು. ಅದಕ್ಕ ಜಗಲಿ ಮ್ಯಾಲಿನ ದೀಪಕ್ಕೇ ಆ ಎಳಿ ಹಿಡದ. ಅವ್ವ ಅಡಗಿ ಮನಿ ಬಾಗಲದಾಗ ನಿಂತಾಕಿ "ಅಯ್ಯ ಶಿವನೇ" ಅಂದ್ಲು. ಮದುವಣಗಿತ್ತಿ ಸೀರಿ ಎಳಿ ದೇವರ ದೀಪಕ್ಕ ಸುಡಬಾರದು ಅಂತ ಕೂಸಿಗೂ ಗೊತ್ತು. ಅಪ್ಪ ಮೂಸಿ ನೋಡಿದ. ಅವನ ಮುಖದ ಮ್ಯಾಲಿನ ನಗಿ ಹೋಯ್ತು. ನನಗೂ ಆ ವಾಸನಿ ಬಂತು, ಕಾಗದದ ವಾಸನಿ.

"ಇದು ಖರೇ ರೇಶ್ಮಿ ಅಲ್ಲರಿ" ಅಂದ ಅಪ್ಪ.

ಯಾರೂ ನಗಲಿಲ್ಲ. ಮಾವ ಒಬ್ಬನೇ ಹಿ ಹಿ ಅಂದು ಸುಮ್ಮನಾದ. ಗೌರವ್ವ ನಿಂತಲ್ಲೇ ನಿಂತಾಕಿ, ದನಿ ಏರಿಸದ ಅಂದ್ಲು:

"ಇದು ನನ್ನ ಲಗ್ನದ ಸೀರಿರಿ. ನಮ್ಮತ್ತಿ ನನಗ ಉಡಿಸಿದ್ದು. ನಮ್ಮ ಮನ್ಯಾಗ ಹಿರಿ ಸೊಸಿಗಿ ಇದನ್ನೇ ಉಡಿಸಿ ಕರಕೋತಾರ. ಹೊಸಾದು ತರೋ ಶಕ್ತಿ ಇರಲಿಲ್ಲ ಅಂತಲ್ಲರಿ."

ಆವಾಗ ತಪ್ಪಾಯ್ತು ಅಂದಿದ್ರ ಮುಗೀತಿತ್ತು. ಇಡೀ ಪಡಸಾಲಿ ಆ ಒಂದು ಮಾತಿಗಿ ಕಾಯಾಕತ್ತಿತ್ತು. ಅಕ್ಕ ಪರಾತ ಹಿಡಕೊಂಡು ಅಪ್ಪನ ಮುಖಾನೇ ನೋಡಾಕತ್ತಿದ್ಲು. ಮಲ್ಲಿನಾಥ ಅಕ್ಕನ್ನ ನೋಡಾಕತ್ತಿದ್ದ. ಅಪ್ಪ ಏನಂದ ಗೊತ್ತೇನು?

"ನಾ ಇದ್ದದ್ದು ಹೇಳೀನ್ರಿ. ಬೆಂಕಿ ಸುಳ್ಳ ಹೇಳಂಗಿಲ್ಲ."

ಗೌರವ್ವ ಅಕ್ಕನ ಕೈಯಾಗಿನ ಪರಾತದಾಗಿಂದ ಸೀರಿ ತಗೊಂಡ್ಲು. ಕಸಗೊಳ್ಳಲಿಲ್ಲ, ಮೆತ್ತಗೇ ತಗೊಂಡ್ಲು. ಅಕ್ಕನ ಹಸರ ಬಳಿಗಿ ಸೆರಗು ಸಿಕ್ಕು ಒಂದು ಎಳಿ ಹಿರಕೊಂಡು ಬಂತು; ಅದಕ್ಕ ಯಾರೂ ಲಕ್ಷಾ ಕೊಡಲಿಲ್ಲ. ಬಂದವರು ಹೋಳಿಗಿ ಉಣ್ಣದ ಹೋದ್ರು. ಸಕ್ರಿ ಪೊಟ್ಟಣ ಜಮಖಾನದ ಮ್ಯಾಲ ಬಿದ್ದಿತ್ತು. ಸಣ್ಣಾಕಿ ನಾನು, ಅದರಾಗ ಬೆರಳು ಅದ್ದಿ ನೆಕ್ಕಿದೆ. ಅವ್ವ ಕಪಾಳಕ್ಕ ಕೊಟ್ಲು.

ಮರುದಿನ ಮುಂಜಾನಿ ಅಕ್ಕನ ಕೈಬಳಿ ಸಂದ್ಯಾಗ ಸಿಕ್ಕಿಕೊಂಡಿದ್ದ ಆ ಎಳಿ ಅವ್ವನ ಕಣ್ಣಿಗಿ ಬಿತ್ತು. ಬಿಡಿಸಿಕೊಂಡು ಒಲಿ ಮುಂದ ಕುಂತ್ಲು. ಅಪ್ಪ ಚಹಾ ಕುಡಿಯಾಕ ಒಳಗ ಬಂದಿದ್ದ. ಅವ್ವ ಆ ಎಳಿ ಕೆಂಡಕ್ಕ ಹಿಡಿದು ಅವನ ಮೂಗಿನ ಮುಂದ ಒಯ್ದ್ಲು. ಕೂದಲಾ ಸುಟ್ಟ ವಾಸನಿ ಅಡಗಿ ಮನಿ ತುಂಬ ಹರಡಿತು.

"ಮೂಸಿ ನೋಡ್ರಿ. ಬೆಂಕಿ ಸುಳ್ಳ ಹೇಳಂಗಿಲ್ಲ ಅಲ್ಲಾ? ಮೂಸ್ರಿ!"

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. ಆ ಕರೀ ಗುಳಿಗಿ ಬೆರಳಾಗ ತಿಕ್ಕಿ ಅಂದ:

"ದಡಿ ಆರ್ಟ್ ಸಿಲ್ಕಿಂದು. ಒಡಲು, ಸೆರಗು ಖರೇ ರೇಶ್ಮಿ. ಆ ಕಡಿ ನೇಕಾರರು ಹಂಗೇ ನೇಯ್ತಾರ. ನನಗ ಗೊತ್ತಿತ್ತು."

"ಗೊತ್ತಿತ್ತು?"

"ಗೊತ್ತಿತ್ತು. ಆ ಹೊತ್ತಿಗಿ ಹೊಳೀಲಿಲ್ಲ."

ಅವ್ವ ಬೈದ ಬೈಗಳ ಇಲ್ಲಿ ಬರಿಯಂಗಿಲ್ಲ. ಬಜಾರದ ಮಂದಿ ಪರದೆ ಆಚೆ ನಿಂತು ಕೇಳಿದ್ರು. ಅಕ್ಕ ಮಾತ್ರ ಹಿತ್ತಲದಾಗ ಬಟ್ಟಿ ಒಗಿಯಾಕತ್ತಿದ್ಲು; ಕಲ್ಲಿಗಿ ಬಟ್ಟಿ ಬಡಿಯೋ ಸಪ್ಪಳ ನಿಲ್ಲಲೇ ಇಲ್ಲ. ಕಡೀಕ ಅವ್ವ ಅಂದ್ಲು, "ದಂಡೋತಿಗಿ ಹೋಗಿ ಕಾಲಿಗಿ ಬೀಳ್ರಿ. ನೀವು ಹೋಗದಿದ್ರ ನಾ ಹೋಗ್ತೀನಿ." ಅಪ್ಪ ಹೊಂಟ. ಸಣ್ಣ ಹುಡುಗಿ ಜೋಡಿ ಇದ್ರ ಮಂದಿ ಮನಸ್ಸು ಮೆತ್ತಗಾಗ್ತದ ಅಂತ ಅವ್ವ ನನ್ನೂ ಕಳಿಸಿದ್ಲು. ಅಕ್ಕ ನನ್ನ ತಲಿ ಹಿಕ್ಕಿ, ಎರಡು ಜಡಿ ಹಾಕಿ, ಕಿವ್ಯಾಗ ಹೇಳಿದ್ಲು: "ಅಪ್ಪ ಮಾತಾಡಾಕ ತಡ ಮಾಡಿದ್ರ, ನೀನು ಅವನ ಕೈ ಜಗ್ಗು."

ದಂಡೋತ್ಯಾಗ ಅವರ ಮನಿ ಹೊಳಿ ಕಡಿ ಓಣ್ಯಾಗಿತ್ತು. ಗೌರವ್ವ ಅಂಗಳದಾಗ ತೊಗರಿ ಒಣ ಹಾಕಿ ಕೈಯಾಡಸ್ತಿದ್ಲು. ನಮ್ಮನ್ನ ನೋಡಿ ಎದ್ದು ನಿಂತ್ಲು. ಬಾಗಲ ಹಾಕ್ತಾಳ ಅಂತ ನಾ ಅಂಜಿದ್ದೆ. ಹಾಕಲಿಲ್ಲ.

"ಬರ್ರಿ, ಕುಂದ್ರಿ. ಬಿಸಲಾಗ ಬಂದೀರಿ" ಅಂತ ತಂಬಿಗಿ ನೀರು ತಂದ್ಲು. ನನಗ ಶೇಂಗಾ, ಬೆಲ್ಲ ಕೊಟ್ಲು.

ಹಾದಿ ತೆರದೇ ಇತ್ತರಿ! ಆ ಹೆಣ್ಣಮಗಳು ನಮ್ಮ ಮಾತಿಗೇ ಕಾಯಾಕತ್ತಿದ್ಲು. ಅಪ್ಪ ನೀರು ಕುಡದ. ಈ ಸಲ ತೊಗರಿ ಛಲೋ ಬಂದದೇನ್ರಿ ಅಂದ. ಹೊಳ್ಯಾಗ ನೀರು ಎಷ್ಟದ ಅಂದ. ಬಸ್ಸು ಭಾಳ ತಡ ಮಾಡ್ತಾವ ಅಂದ. ನಾ ಕೈ ಜಗ್ಗಿದೆ. ಅಪ್ಪ ನನ್ನ ಕೈ ಗಟ್ಟಿ ಹಿಡದ. ಗಂಟಲು ಸರಿ ಮಾಡಿಕೊಂಡ. ಬಾಯಿ ತೆರದ. ಮತ್ತ "ಬರ್ತೀನ್ರಿ" ಅಂತ ಎದ್ದುಬಿಟ್ಟ. ಅಂಗಳ ದಾಟೋ ಮುಂದ ಹಗ್ಗದ ಮ್ಯಾಲ ಒಂದು ಧೋತ್ರ ಒಣಗಾಕತ್ತಿತ್ತು. ಅವನ ಕೈ ತಾನಾಗೇ ಹೋಗಿ ಅದರ ಅಂಚು ಹಿಡಿದು ತಿಕ್ಕಿತು. ಅಪ್ಪಗ ಗೊತ್ತೇ ಆಗಿಲ್ಲ ಅಂತ ನಾ ಆಣಿ ಮಾಡಿ ಹೇಳ್ತೀನಿ. ಅವನ ಕಣ್ಣು ನೆಲ ನೋಡಾಕತ್ತಿದ್ವು. ಆದ್ರ ಗೌರವ್ವ ನೋಡಿದ್ಲು.

"ಅದು ಹತ್ತೀದೇ ಅದರಿ, ಸಾವ್ಕಾರ್ರ. ಅದನ್ನ ಸುಡಬ್ಯಾಡ್ರಿ" ಅಂದ್ಲು. ಅಂದು ಒಳಗ ಹೋಗಿ ಕದ ಮುಂದ ಮಾಡಿದ್ಲು.

ಮನಿಗಿ ಬಂದಾಗ ಅಕ್ಕ ಬಾಗಲದಾಗೇ ನಿಂತಿದ್ಲು. ಅಪ್ಪನ್ನ ಕೇಳಲಿಲ್ಲ, ನನ್ನ ಮುಖ ನೋಡಿದ್ಲು. ನನ್ನ ಮುಖದಾಗ ಏನಿತ್ತೋ, ಒಳಗ ಹೋಗಿ ಟ್ರಂಕಿನಾಗಿನ ಹತ್ತಿ ಸೀರಿ ತಗದು ದಿನಾ ಉಡೋ ಬಟ್ಟಿ ಗೂಟಕ್ಕ ಹಾಕಿದ್ಲು.

ನಾ ಏನು ಕಲ್ತೆ ಆ ವರ್ಷ? ಖರೇ ಹುಡುಕೋದು ಕಲ್ತೆ ಅಂತ ಅಪ್ಪ ತಿಳಕೊಂಡಿದ್ದ. ನಾ ಕಲ್ತದ್ದು ಎಲ್ಲಾದರ ಅಂಚಿಗೂ ಕೈ ಹಾಕೋದು. ನನ್ನ ಗಂಡ ಲಗ್ನ ಆದ ಹೊಸದರಾಗ ಒಂದು ಸೀರಿ ತಂದಿದ್ರು, ತಾವೇ ಆರಿಸಿ. ನಾ ಅವರ ಮುಖ ನೋಡೋಕಿಂತ ಮೊದಲ ಸೀರಿ ಕಿಟಕಿ ಬೆಳಕಿಗಿ ಒಯ್ದೆ. ತಿರುಗಿ ನೋಡಿದ್ರ ಅವರ ಮುಖ ಸಣ್ಣದಾಗಿತ್ತು. ಆಮ್ಯಾಲ ಅವರು ರೊಕ್ಕ ಕೊಟ್ಟು "ನೀನೇ ತಗೋ" ಅಂತಿದ್ರು. ಮಗ ನನ್ನ ಮುಂದ ಯಾವ ಸುದ್ದೀನೂ ಸಂತೋಷದಿಂದ ಹೇಳಂಗಿಲ್ಲ. ಇದರಾಗ ಏನದ ಅಂತ ನಾ ಕೇಳ್ತೀನಿ ಅಂತ ಅವಗ ಗೊತ್ತು. ಖರೇ ಇದ್ದದ್ದೂ ನನ್ನ ಕೈಯಾಗ ಬಂದ ಮ್ಯಾಲ ಒಂದು ಎಳಿ ಕಮ್ಮಿ ಆಗ್ತದ. ಇದಕ್ಕ ಮದ್ದಿಲ್ಲ. ಇಷ್ಟು ವಯಸ್ಸಾದ ಮ್ಯಾಲ ಬೇಕಂತಲೂ ಅನಿಸಂಗಿಲ್ಲ.

ಆ ವರ್ಷ ಮಳಿಗಾಲ ಮುಗದು ಮತ್ತ ಲಗ್ನದ ಕಾಲ ಬಂತು. ಒಂದಿನ ಮುಂಜಾನಿ ಮುಧೋಳದಿಂದ ತಾಯಿ ಮಗಳು ಜವಳಿ ತಗೋಳಾಕ ಬಂದ್ರು. ಅದೇ ನಮ್ಮ ಸೇಡಂ ಕಡಿ ಮುಧೋಳ. ಹುಡುಗಿ ಸಣ್ಣಾಕಿ, ಗುಂಡು ಮುಖ, ಮಾತಿಗೊಮ್ಮೆ ನಗಾಕಿ. ಅಪ್ಪ ಎಂದಿನಂಗ ಕೂಗಿದ. ಅಕ್ಕ ಎಂದಿನಂಗ ಬಂದು ನಿಂತು ಹೆಗಲ ಮ್ಯಾಲ ಸೆರಗು ಹಾಕಿಕೊಂಡ್ಲು. ನಾ ಪರದೆ ಹಿಡಕೊಂಡು ನೋಡಾಕತ್ತಿದ್ದೆ. ಒಂದು ಕೆಂಪು, ಒಂದು ಹಸರು, ಒಂದು ನೀಲಿ ಆಯ್ತು. ತಾಯಿ ಮಾತು ತಗದ್ಲು.

"ಹುಡುಗ ವಾಡಿ ರೈಲ್ವೆದಾಗ ಇದ್ದಾನವ್ವ. ಮನಿ ದಂಡೋತಿ. ಹುಡುಗನ ತಾಯಿ ಭಾಳ ಒಳ್ಳೇ ಹೆಣ್ಣಮಗಳು. ಸೀರಿ ನಿಮಗ ಬೇಕಾದಲ್ಲಿ ನೀವೇ ತಗೋರಿ, ನಮ್ಮ ಕೈಲೆ ಬ್ಯಾಡ ಅಂದ್ರು."

ಅಪ್ಪನ ಕೈಯಾಗ ಬಟ್ಟಿ ಅಳಿಯೋ ಗಜ ಇತ್ತು. ಅದು ಕೆಳಗ ಬಿತ್ತು. ಬಾಗಿ ತಗೊಳ್ಳಲಿಲ್ಲ. ಅಕ್ಕ ಹೆಗಲ ಮ್ಯಾಲಿನ ನೀಲಿ ಸೆರಗು ಇಳಸಿ, ಮಡಚಿ, ಬಾಜೂಕ ಇಟ್ಲು. ಆಮ್ಯಾಲ ಎಂದೂ ಮಾಡದ ಕೆಲಸ ಮಾಡಿದ್ಲು. ಸ್ಟೂಲ್ ಜಗ್ಗಿಕೊಂಡು ಹತ್ತಿ, ಮ್ಯಾಲಿನ ಸಾಲಿನ ಧೋತ್ರದ ಗಂಟು ತಾನೇ ಇಳಿಸಿದ್ಲು. ಅದರಾಗಿಂದ ಒಂದು ಸೀರಿ ತಗದ್ಲು, ಹಣ್ಣಾದ ಮೆಣಸಿನಕಾಯಿ ಬಣ್ಣದ್ದು. ತನ್ನ ಹೆಗಲಿಗಿ ಹಾಕಿಕೊಳ್ಳಲಿಲ್ಲ. ಆ ಹುಡುಗಿನ್ನ ಹತ್ತಿರ ಕರದು, ಅಕಿ ಹೆಗಲ ಮ್ಯಾಲ ಹಾಕಿ, ಗದ್ದ ಹಿಡಿದು ಬಾಗಲ ಬೆಳಕಿಗಿ ತಿರ್ಗಿಸಿದ್ಲು. ಬೆಳಕು ಸೆರಗಿನ ಮ್ಯಾಲಿಂದ ನಿಧಾನ ಜಾರಿ ಹುಡುಗಿ ಗಲ್ಲದ ಮ್ಯಾಲ ಬಂತು.

"ಇದನ್ನ ತಗೋ ತಂಗಿ. ದಡಿ, ಒಡಲು, ಸೆರಗು, ಎಲ್ಲಾ ಒಂದೇ ರೇಶ್ಮಿ. ಯಾರು ಎಲ್ಲಿ ಕಿತ್ತು ನೋಡಿದ್ರೂ ನಿನಗ ಚಿಂತಿಲ್ಲ."

"ಯಕ್ಕಾ, ನನಗ ಒಪ್ಪತದೇನು?" ಅಂತ ಹುಡುಗಿ ನಕ್ಕೋತ ಕೇಳಿದ್ಲು.

"ಒಪ್ಪತದ. ವಾಡ್ಯಾಗ ಧೂಳ ಭಾಳ ಅದಂತ. ದಿನಾ ಉಡಾಕ ಹತ್ತೀದೇ ಉಡು, ಇದನ್ನ ಸುತ್ತಿ ಇಟ್ಟು ಹಬ್ಬಕ್ಕ ತಗಿ."

ಅವರು ಖುಷಿಯಿಂದ ಹೋದ್ರು. ಅಪ್ಪ ಹೊತ್ತಿಗಿಂತ ಮೊದಲ ಅಂಗಡಿ ಬಾಗಲ ಹಾಕಿ ಒಳಗ ಬಂದ. ಉಣ್ಣಾಕ ಕುಂತ್ವಿ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಪ್ಪ ರೊಟ್ಟಿ ಮುರದು ಮುರದು ತಾಟಿನ್ಯಾಗೇ ಇಡಾಕತ್ತಿದ್ದ. ಅಕ್ಕ ಮಾತ್ರ ಹಸದಾಕಿ ಹಂಗ ಉಂಡ್ಲು, ಪಲ್ಯ ಮತ್ತ ಹಾಕಿಸಿಕೊಂಡ್ಲು. ಕೈ ತೊಳಿಯಾಕ ಏಳೋಕಿಂತ ಮೊದಲ, ಹಿಂಡಿ ಡಬ್ಬಿ ಮುಚ್ಚಳ ಹಾಕೋತ, ಯಾರನ್ನೂ ನೋಡದ ಅಂದ್ಲು:

"ನಾಳಿಂದ ಹೆಣ್ಣಮಕ್ಕಳ ಗಿರಾಕಿ ನಾನೇ ನೋಡ್ತೀನಿ, ಗಾದಿ ಮ್ಯಾಲ ಕುಂತು. ಅಪ್ಪಗ ಸಂತಿ ತಿರಗಾಕ ಆರಾಮ ಆಗ್ತದ. ಇನ್ನ ಮ್ಯಾಲ ನನ್ನ ನೋಡಾಕ ಯಾರನ್ನೂ ಕರಸಬ್ಯಾಡ್ರಿ."

ಅಪ್ಪ ತಲಿ ಎತ್ತಲಿಲ್ಲ. ಅವ್ವನ ಕೈಯಾಗಿನ ರೊಟ್ಟಿ ಹಂಗೇ ನಿಂತಿತು. ಹಂಗನ್ನಬ್ಯಾಡ ನನ್ನವ್ವ, ಇನ್ನೂ ಎಷ್ಟು ಊರು ಅವ, ಎಷ್ಟು ಮನಿ ಅವ, ಅಂತ ಯಾರಾದ್ರೂ ಅಂತಾರ ಅಂತ ನಾ ಒಬ್ಬೊಬ್ಬರ ಮುಖ ನೋಡಿದೆ. ಅಕ್ಕನೂ ಕಾದ್ಲು. ಡಬ್ಬಿ ಮುಚ್ಚಳ ಹಾಕಾಕ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವ್ವ ಕೈಯಾಗಿನ ರೊಟ್ಟಿ ನನ್ನ ತಾಟಿಗಿ ಹಾಕಿದ್ಲು. ಅಪ್ಪ ನೀರು ಕುಡದ. ಅಕ್ಕ ಎದ್ದು ಕೈ ತೊಳಕೊಂಡ್ಲು.